ಇಂಗ್ಲೆಂಡಿನ ಲೀಸ್‌ಹೋಲ್ಡ್ ಪದ್ಧತಿ

ಲೀಸ್‌ಹೋಲ್ಡ್ ಎಂಬುದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಮನೆಯನ್ನು, ಅದರಲ್ಲೂ ಮುಖ್ಯವಾಗಿ ಫ್ಲ್ಯಾಟನ್ನು, ನಿಗದಿತ ವರ್ಷಗಳ ಅವಧಿಗೆ ಹೊಂದುವ ಒಡೆತನದ ಪದ್ಧತಿ. ಅವಧಿ ತೀರಿದ ಮೇಲೆ ಹಕ್ಕು ನೆಲದ ಒಡೆಯನಿಗೆ ಮರಳುತ್ತದೆ. ಕಾಲಮಿತಿಯಿಲ್ಲದ, ನೆಲಸಹಿತವಾದ ಒಡೆತನಕ್ಕೆ ಫ್ರೀಹೋಲ್ಡ್ ಎಂದು ಹೆಸರು. 1925ರ ಆಸ್ತಿ ಕಾನೂನು ಅಧಿನಿಯಮವು ಭೂಮಿಯ ಮೇಲೆ ಈ ಎರಡು ಬಗೆಯ ಕಾನೂನುಬದ್ಧ ಒಡೆತನಗಳನ್ನು ಮಾತ್ರ ಉಳಿಸಿತು. ಸ್ಕಾಟ್ಲೆಂಡಿನ ಭೂಕಾನೂನು ಬೇರೆಯಾದುದರಿಂದ ಇಲ್ಲಿನ ವಿವರಗಳು ಅಲ್ಲಿಗೆ ಅನ್ವಯಿಸುವುದಿಲ್ಲ.

ಪದದ ಬಳಕೆ

ನಿಘಂಟುಗಳು ಲೀಸ್ ಎಂಬುದಕ್ಕೆ ಭೋಗ್ಯ, ಗುತ್ತಿಗೆ ಎಂಬ ಅರ್ಥಗಳನ್ನು ಕೊಡುತ್ತವೆ. ಇವು ಕನ್ನಡ ಓದುಗರನ್ನು ದಾರಿ ತಪ್ಪಿಸುವ ಸಂಭವವಿದೆ. ಬೆಂಗಳೂರಿನಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವವರು ಇಡಿಗಂಟನ್ನು ಮಾಲೀಕನಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಹೊರಡುವಾಗ ಆ ಗಂಟನ್ನು ಹಿಂದಕ್ಕೆ ಪಡೆಯುತ್ತಾರೆ. ಇಂಗ್ಲೆಂಡಿನ ಲೀಸ್‌ಹೋಲ್ಡರ್ ಕೊಟ್ಟ ಹಣ ಹಿಂದಿರುಗುವುದಿಲ್ಲ. ಅದು ಕ್ರಯದ ಹಣ. ಅವನು ಆ ಮನೆಯನ್ನು ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಉಯಿಲು ಬರೆಯಬಹುದು. ಏಳು ವರ್ಷಕ್ಕಿಂತ ದೀರ್ಘವಾದ ಲೀಸನ್ನು ಎಚ್.ಎಂ. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. ಆದರೂ ನೆಲದಲ್ಲಿ ಅವನಿಗೆ ಪಾಲಿಲ್ಲ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಪ್ರಕಾರ ಫ್ಲ್ಯಾಟಿನೊಡನೆ ನಿವೇಶನದ ಅವಿಭಜಿತ ಹಕ್ಕೂ ಬರುವುದನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಫ್ಲ್ಯಾಟುಗಳು ಲೀಸ್‌ಹೋಲ್ಡ್ ಆಗಿರಲು ಕಾರಣ

ಇದನ್ನು ಕೇವಲ ಜಮೀನ್ದಾರರ ಲೋಭವೆಂದು ತಿಳಿಯುವುದು ಸರಿಯಲ್ಲ. ಇಂಗ್ಲಿಷ್ ಕಾನೂನಿನ ಒಂದು ಹಳೆಯ ತೊಡಕು ಇದರ ಮೂಲದಲ್ಲಿದೆ. ಫ್ರೀಹೋಲ್ಡ್ ಆಸ್ತಿಯ ವಿಷಯದಲ್ಲಿ ‘ಇಂಥದ್ದನ್ನು ಮಾಡಕೂಡದು’ ಎಂಬ ಕರಾರು ಮುಂದಿನ ಒಡೆಯರನ್ನೂ ಬಂಧಿಸಬಲ್ಲದು. ‘ಇಂಥದ್ದನ್ನು ಮಾಡಿಕೊಡುತ್ತೇನೆ’ ಎಂಬ, ಖರ್ಚು ಬೇಡುವ ಕರಾರಾದರೋ ಮಾತು ಕೊಟ್ಟವನೊಡನೆಯೇ ನಿಂತುಹೋಗುತ್ತದೆ. 1885ರ ಆಸ್ಟರ್‌ಬೆರಿ ಪ್ರಕರಣದಲ್ಲಿ ಈ ನಿಯಮ ಗಟ್ಟಿಯಾಯಿತು. 1994ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದ ರೋನ್ ವಿರುದ್ಧ ಸ್ಟೀವನ್ಸ್ ಪ್ರಕರಣ ಇದಕ್ಕೆ ಒಳ್ಳೆಯ ದೃಷ್ಟಾಂತ. ಒಂದೇ ಕಟ್ಟಡವನ್ನು ಮನೆ ಮತ್ತು ಕಾಟೇಜ್ ಎಂದು ವಿಭಜಿಸಿದಾಗ, ಕಾಟೇಜಿನ ಮೇಲೆ ಚಾಚಿದ್ದ ಸೂರನ್ನು ದುರಸ್ತಿಯಲ್ಲಿಡುವುದಾಗಿ ಮನೆಯ ಒಡೆಯ ಬರೆದುಕೊಟ್ಟಿದ್ದ. ಮನೆ ಮುಂದೆ ಬೇರೆಯವರ ಕೈ ಸೇರಿತು; ಸೂರು ಸೋರಿತು. ಆ ವಾಗ್ದಾನ ಹೊಸ ಒಡೆಯರನ್ನು ಬಂಧಿಸದೆಂದು ತೀರ್ಪಾಯಿತು.

ಹತ್ತು ಅಂತಸ್ತಿನ ಕಟ್ಟಡದಲ್ಲಿ ಇದೇ ಸ್ಥಿತಿ ಒದಗಿದರೆ ಸೂರು, ಲಿಫ್ಟು, ಕೊಳವೆಗಳ ಹೊಣೆ ಯಾರದೂ ಅಲ್ಲದಂತಾಗುತ್ತದೆ. ಲೀಸಿನಲ್ಲಿಯಾದರೆ ದುರಸ್ತಿಯ ಕರಾರುಗಳು ಕೊಂಡವರಿಂದ ಕೊಂಡವರಿಗೆ ಸಾಗುತ್ತವೆ. ಆದ್ದರಿಂದ ಫ್ಲ್ಯಾಟು ಮಾರುವವರಿಗೆ ಲೀಸೇ ಅನುಕೂಲದ ಉಪಾಯವಾಯಿತು.

ಲಂಡನ್ನಿನ ಹಳೆಯ ಬಡಾವಣೆಗಳ ಕಥೆ ಬೇರೆ. ಮೇಫೇರ್, ಬೆಲ್‌ಗ್ರೇವಿಯಾಗಳಲ್ಲಿ ಗ್ರೋಸ್‌ವೆನರ್ ಮನೆತನದಂಥ ಭೂಮಾಲೀಕರು ನೆಲವನ್ನು ತಮ್ಮಲ್ಲೇ ಉಳಿಸಿಕೊಂಡು ಲೀಸುಗಳನ್ನು ಮಾರಿದರು. 1967ರ ಲೀಸ್‌ಹೋಲ್ಡ್ ಸುಧಾರಣಾ ಅಧಿನಿಯಮವು ಅರ್ಹ ಮನೆಗಳ ಲೀಸ್‌ಹೋಲ್ಡರುಗಳಿಗೆ ಫ್ರೀಹೋಲ್ಡನ್ನು ಕೊಂಡುಕೊಳ್ಳುವ ಹಕ್ಕನ್ನು ನೀಡಿತು. ಇದು ಆಸ್ತಿಯ ಅಪಹರಣವೆಂದು ವೆಸ್ಟ್‌ಮಿನ್‌ಸ್ಟರ್ ಡ್ಯೂಕನ ಆಸ್ತಿಯ ಟ್ರಸ್ಟಿಗಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೊರೆಹೊಕ್ಕರೂ 1986ರಲ್ಲಿ ಸೋತರು.

ಉಳಿದ ವರ್ಷಗಳು

ಲೀಸ್‌ಹೋಲ್ಡ್ ಮನೆಯ ಬೆಲೆಯನ್ನು ನಿರ್ಧರಿಸುವಲ್ಲಿ ಗೋಡೆ, ಕಿಟಕಿಗಳಷ್ಟೇ ಮಹತ್ವ ಉಳಿದ ವರ್ಷಗಳಿಗೂ ಇದೆ. ಅವಧಿ ಕಡಿಮೆಯಾದಂತೆ ಬೆಲೆ ಕುಗ್ಗುತ್ತದೆ, ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ. ಅವಧಿ ಮುಗಿದ ಮರುದಿನವೇ ನಿವಾಸಿಯನ್ನು ಹೊರಗೆ ಹಾಕುವಂತಿಲ್ಲ. ಬಾಡಿಗೆದಾರನಾಗಿ ಉಳಿಯಲು ಸಾಮಾನ್ಯವಾಗಿ ಅವಕಾಶವುಂಟು. ಒಡೆತನವಂತೂ ಹೋದಂತೆಯೇ.

1993ರ ಅಧಿನಿಯಮದಡಿ ಫ್ಲ್ಯಾಟಿನ ಅರ್ಹ ಲೀಸ್‌ಹೋಲ್ಡರ್ ಪರಿಹಾರ ಕೊಟ್ಟು, ಉಳಿದ ಅವಧಿಗೆ 90 ವರ್ಷಗಳನ್ನು ಸೇರಿಸಿಕೊಳ್ಳಬಹುದು. 75 ವರ್ಷ ಉಳಿದಿದ್ದರೆ ಅದು 165 ಆಗುತ್ತದೆ. ಆದರೆ ಅವಧಿ 80 ವರ್ಷಕ್ಕಿಂತ ಕೆಳಗಿಳಿದರೆ ಪರಿಹಾರದ ಲೆಕ್ಕಕ್ಕೆ ‘ಮ್ಯಾರೇಜ್ ವ್ಯಾಲ್ಯೂ’ ಎಂಬುದು ಸೇರುತ್ತದೆ: ವಿಸ್ತರಣೆಯಿಂದ ಉಂಟಾಗುವ ಒಟ್ಟು ಮೌಲ್ಯವೃದ್ಧಿಯ ಅರ್ಧವನ್ನು ನೆಲದ ಒಡೆಯನಿಗೆ ಕೊಡಬೇಕು. 81 ವರ್ಷ ಉಳಿದ ಫ್ಲ್ಯಾಟನ್ನು ಕೊಳ್ಳುವವರು ಈ ಗೆರೆಯನ್ನು ಮರೆಯಬಾರದು. 2024ರ ಮೇ 24ರಂದು ಅಂಗೀಕೃತವಾದ ಸುಧಾರಣಾ ಅಧಿನಿಯಮದಲ್ಲಿ ಮ್ಯಾರೇಜ್ ವ್ಯಾಲ್ಯೂವಿನ ರದ್ದತಿಯೂ 990 ವರ್ಷಗಳ ವಿಸ್ತರಣೆಯೂ ಸೇರಿವೆ. ಆದರೆ ಆ ಕಲಮುಗಳು ಕೂಡಲೇ ಜಾರಿಗೆ ಬರಲಿಲ್ಲ. ಸರ್ಕಾರ ಅವನ್ನು ಪ್ರತ್ಯೇಕವಾಗಿ ಜಾರಿಗೊಳಿಸಬೇಕು. ವಿಸ್ತರಣೆ ಕೋರಲು ಎರಡು ವರ್ಷ ಒಡೆತನದಲ್ಲಿರಬೇಕೆಂಬ ಹಳೆಯ ಷರತ್ತು ಮಾತ್ರ 2025ರ ಜನವರಿ 31ರಂದು ರದ್ದಾಯಿತು.

ನೆಲಬಾಡಿಗೆ ಮತ್ತು ನಿರ್ವಹಣಾ ವೆಚ್ಚ

ಹಿಂದಿನ ಲೀಸುಗಳಲ್ಲಿ ಗ್ರೌಂಡ್ ರೆಂಟ್ ಎಂಬ ವಾರ್ಷಿಕ ನೆಲಬಾಡಿಗೆ ಇರುತ್ತದೆ. ಹತ್ತು ವರ್ಷಕ್ಕೊಮ್ಮೆ ಅದು ಇಮ್ಮಡಿಯಾಗುವ ಷರತ್ತು ಕೆಲವು ಲೀಸುಗಳಲ್ಲಿದ್ದು, ಬಹಳ ಜನರನ್ನು ಸಂಕಟಕ್ಕೀಡುಮಾಡಿತು. 300 ಪೌಂಡ್ 50 ವರ್ಷಗಳಲ್ಲಿ 9,600 ಪೌಂಡ್ ಆಗುತ್ತದೆಂಬುದು ಶಾಲಾ ಬಾಲಕನಿಗೂ ತಿಳಿಯುವ ಗುಣಾಕಾರ. ಆದರೆ ಸಹಿ ಮಾಡುವ ಸಂಭ್ರಮದಲ್ಲಿ ಅದನ್ನು ಮಾಡಿ ನೋಡಿದವರು ವಿರಳ. 2022ರ ಜೂನ್ 30ರಿಂದ ಹೊಸ ದೀರ್ಘ ಲೀಸುಗಳಿಗೆ ನೆಲಬಾಡಿಗೆ ವರ್ಷಕ್ಕೆ ‘ಒಂದು ಕಾಳುಮೆಣಸು’, ಅಂದರೆ ವಾಸ್ತವದಲ್ಲಿ ಶೂನ್ಯ. ಹಳೆಯ ಲೀಸುಗಳನ್ನು ಆ ಕಾಯಿದೆ ಮುಟ್ಟಲಿಲ್ಲ.

ನಿರ್ವಹಣಾ ವೆಚ್ಚ ಸಮಂಜಸವಾಗಿರಬೇಕೆಂದು 1985ರ ಅಧಿನಿಯಮ ವಿಧಿಸುತ್ತದೆ. ಯಾವುದೇ ಒಬ್ಬ ಲೀಸ್‌ಹೋಲ್ಡರನ ಪಾಲು 250 ಪೌಂಡ್ ಮೀರುವ ದುರಸ್ತಿ ಕೆಲಸಕ್ಕೆ ಮುನ್ನ ಅವರೆಲ್ಲರ ಅಭಿಪ್ರಾಯ ಕೇಳಬೇಕು. ವಿವಾದಗಳನ್ನು ಫಸ್ಟ್-ಟಿಯರ್ ಟ್ರಿಬ್ಯೂನಲ್ ತೀರ್ಮಾನಿಸುತ್ತದೆ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ ಬೆಂಕಿಗೆ 72 ಜನ ಬಲಿಯಾದ ಬಳಿಕ, ಬೇರೆಡೆಯ ಅಪಾಯಕರ ಹೊರಹೊದಿಕೆಗಳನ್ನು ತೆಗೆಸುವ ಖರ್ಚು ಎಷ್ಟೋ ಲೀಸ್‌ಹೋಲ್ಡರುಗಳ ತಲೆಯ ಮೇಲೆ ಬಂತು. 2022ರ ಕಟ್ಟಡ ಸುರಕ್ಷತಾ ಅಧಿನಿಯಮವು ಕನಿಷ್ಠ 11 ಮೀಟರ್ ಎತ್ತರದ ಅಥವಾ ಐದು ಅಂತಸ್ತಿನ ಕಟ್ಟಡಗಳಲ್ಲಿರುವ ಅರ್ಹರಿಗೆ ಇದರಿಂದ ರಕ್ಷಣೆ ನೀಡಿದೆ.

ಕೊಳ್ಳುವ ಹಂತ

ಬಾಯಿಮಾತಿನ ಒಪ್ಪಿಗೆಗೆ ಇಲ್ಲಿ ಬೆಲೆಯಿಲ್ಲ. 1989ರ ಅಧಿನಿಯಮದಂತೆ ಸಹಿಯಾದ ಲಿಖಿತ ಕರಾರು ಬೇಕು. ಕರಾರು ಪತ್ರಗಳ ವಿನಿಮಯವಾಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಹಿಂಜರಿಯಬಹುದು. ಹೆಚ್ಚು ಬೆಲೆ ಕೊಡುವವನು ಬಂದನೆಂದು ಮಾರುವವನು ಮಾತು ತಪ್ಪುವುದಕ್ಕೆ ಗಜಂಪಿಂಗ್ ಎಂಬ ಹೆಸರೇ ಇದೆ. ವಿನಿಮಯದ ವೇಳೆ ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟನ್ನು ಮುಂಗಡವಾಗಿ ಕೊಡುತ್ತಾರೆ. ಅದಕ್ಕೆ ಮೊದಲೇ ಉಳಿದ ಅವಧಿ, ನೆಲಬಾಡಿಗೆಯ ಷರತ್ತು, ಹಿಂದಿನ ವರ್ಷಗಳ ನಿರ್ವಹಣಾ ಲೆಕ್ಕಪತ್ರ, ಮುಂದೆ ಬರಲಿರುವ ದೊಡ್ಡ ದುರಸ್ತಿಗಳು ಇವನ್ನು ವಕೀಲರ ಮೂಲಕ ಲಿಖಿತವಾಗಿ ಪಡೆಯಬೇಕು.

ಅಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. ಜಗತ್ತಿನ ಎಲ್ಲಿಯೇ ಆಗಲಿ 40,000 ಪೌಂಡ್ ಅಥವಾ ಹೆಚ್ಚು ಬೆಲೆಯ ಮತ್ತೊಂದು ಮನೆ ಕೊಳ್ಳುವವನ ಹೆಸರಿನಲ್ಲಿದ್ದರೆ, ಮುದ್ರಾಂಕ ತೆರಿಗೆಗೆ 2024ರ ಅಕ್ಟೋಬರ್ 31ರಿಂದ ಸಾಮಾನ್ಯವಾಗಿ ಶೇ. 5ರ ಹೆಚ್ಚುವರಿ ಸೇರುತ್ತದೆ. ಮೈಸೂರಿನಲ್ಲೋ ಧಾರವಾಡದಲ್ಲೋ ಇರುವ ಸ್ವಂತ ಮನೆಯೂ ಈ ಲೆಕ್ಕಕ್ಕೆ ಬರುತ್ತದೆ.

ಕಾಮನ್‌ಹೋಲ್ಡ್

2002ರ ಅಧಿನಿಯಮವು ಫ್ಲ್ಯಾಟುಗಳನ್ನು ಫ್ರೀಹೋಲ್ಡಾಗಿಯೇ ಹೊಂದಿ, ಸಾಮೂಹಿಕ ಭಾಗಗಳನ್ನು ನಿವಾಸಿಗಳ ಸಂಘವೇ ನಡೆಸುವ ಕಾಮನ್‌ಹೋಲ್ಡ್ ಪದ್ಧತಿಯನ್ನು ತಂದಿತು. 2004ರಲ್ಲಿ ಜಾರಿಯಾದರೂ ಅದನ್ನು ಅನುಸರಿಸಿದ ಕಟ್ಟಡಗಳು ಬೆರಳೆಣಿಕೆಯಷ್ಟು. ಹೊಸ ಫ್ಲ್ಯಾಟುಗಳಿಗೆ ಇದನ್ನೇ ಸಾಮಾನ್ಯ ಪದ್ಧತಿಯಾಗಿಸುವ ಪ್ರಸ್ತಾವದ ಶ್ವೇತಪತ್ರವನ್ನು ಸರ್ಕಾರ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು.