ತಲಪಾಡಿಯ ಎರಡು ಬದಿ: ಮಕ್ಕಳ ಉಡುಪಿನ ಜಗಳ, ಹೇಳದೆ ಬಿಟ್ಟ ಪಾಠ

ಹದಿಹರೆಯದ ಮಕ್ಕಳು ಏನು ಉಡಬೇಕು, ಶರೀರದ ಬಗ್ಗೆ ಅವರಿಗೆ ಎಷ್ಟು ಹೇಳಿಕೊಡಬೇಕು ಎಂಬುದು ಮನೆಯೊಳಗೆ ಉಮ್ಮ, ಉಪ್ಪ ಕೂತು ತೀರ್ಮಾನಿಸುವ ವಿಷಯ ಎಂದು ನಾವು ಅಂದುಕೊಂಡಿರುತ್ತೇವೆ. ಕಳೆದ ಇಪ್ಪತ್ತು ವರ್ಷಗಳ ಚರಿತ್ರೆ ಹಾಗಿಲ್ಲ. ಈ ಎರಡೂ ಪ್ರಶ್ನೆಗಳು ವಿಧಾನಸಭೆಗೆ ಹೋದವು, ಹೈಕೋರ್ಟಿಗೆ ಹೋದವು, ಬೀದಿಗೂ ಬಂದವು. ತಲಪಾಡಿ ಗಡಿಯ ಆಚೆ ಈಚೆ ಬಂಧುಗಳಿರುವ ಬ್ಯಾರಿ ಕುಟುಂಬಗಳಿಗೆ ಈ ಚರಿತ್ರೆ ಬೇರೆಯವರಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಮಂಜೇಶ್ವರ, ಉಪ್ಪಳದಲ್ಲಿ ಕೇರಳದ ಪಠ್ಯವನ್ನು ಕನ್ನಡದಲ್ಲಿ ಓದಿದ ಮಕ್ಕಳು ಮುಂದಿನ ಓದಿಗೆ ಮಂಗಳೂರು, ದೇರಳಕಟ್ಟೆಗೆ ಬಸ್ಸು ಹತ್ತುತ್ತಾರೆ. ಸರಕಾರ ಬದಲಾಗುತ್ತದೆ, ನಿಯಮ ಬದಲಾಗುತ್ತದೆ, ಹುಡುಗಿ ಮಾತ್ರ ಅವಳೇ.

ಮೊದಲು ಒಂದು ಮಾತು. ನಮ್ಮ ಉಡುಪು ಯಾವತ್ತೂ ಒಂದೇ ಆಗಿರಲಿಲ್ಲ. ಹಳೆಯ ತಲೆಮಾರಿನ ಬ್ಯಾರಿ ಹೆಂಗಸರದು ತುಣಿ ಮತ್ತು ಕುಪ್ಪಾಯ, ತಲೆಗೊಂದು ವಸ್ತ್ರ. ಆಮೇಲೆ ಸೀರೆ ಬಂತು, ಸೆರಗು ತಲೆಯ ಮೇಲೆ ಬಂತು. ಗಲ್ಫ್ ಸಂಪಾದನೆಯ ಕಾಲದಲ್ಲಿ ಚೂಡಿದಾರವೂ ಕಪ್ಪು ಬುರ್ಖಾವೂ ಮನೆಮನೆಗೆ ಬಂದವು. ಇಂದು ನಾವು ಸಂಪ್ರದಾಯ ಎಂದು ಕರೆಯುವ ಉಡುಪನ್ನು ನಮ್ಮ ಅಜ್ಜಿಯಂದಿರು ಉಟ್ಟವರಲ್ಲ. ಆ ಬದಲಾವಣೆಗಳ ಬಗ್ಗೆ ಮನೆಯಲ್ಲಿ ಮಾತು ಬಂದಿರಬಹುದು, ಜಮಾಅತಿನಲ್ಲಿ ಚರ್ಚೆಯೂ ಆಗಿರಬಹುದು. ಆದರೆ ತುಣಿಯ ಬದಲು ಸೀರೆ ಉಟ್ಟದ್ದು ಯಾವ ಪಕ್ಷಕ್ಕೂ ಚುನಾವಣೆಯ ವಿಷಯವಾಗಿರಲಿಲ್ಲ.

ಒಂದೇ ತಿಂಗಳು, ಎರಡು ಶಾಲೆ

2021ರ ಡಿಸೆಂಬರಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರಕಾರಿ ಹೆಣ್ಮಕ್ಕಳ ಹೈಯರ್ ಸೆಕೆಂಡರಿ ಶಾಲೆ ಪ್ಲಸ್ ವನ್ ವಿದ್ಯಾರ್ಥಿನಿಯರಿಗೆ ಪ್ಯಾಂಟ್ ಮತ್ತು ಶರ್ಟಿನ ಸಮವಸ್ತ್ರ ತಂದಿತು. ತಲೆವಸ್ತ್ರಕ್ಕೆ, ಉದ್ದ ತೋಳಿಗೆ ಅಡ್ಡಿ ಇರಲಿಲ್ಲ. ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಂಗರದ ಪ್ರಾಥಮಿಕ ಶಾಲೆ ಇದಕ್ಕೂ ಮೊದಲೇ ಗಂಡು ಹೆಣ್ಣು ಮಕ್ಕಳಿಗೆ ಒಂದೇ ರೀತಿಯ ಚಡ್ಡಿ ಶರ್ಟ್ ಕೊಟ್ಟಿತ್ತು. ಆಗ ಗದ್ದಲ ಆಗಿರಲಿಲ್ಲ. ಬಾಲುಶ್ಶೇರಿಯಲ್ಲಿ ಆಯಿತು. ಎಡರಂಗದವರು ಇದನ್ನು ಸಮಾನತೆ ಎಂದರು. ಮುಸ್ಲಿಂ ಸಂಘಟನೆಗಳು ಹೇರಿಕೆ ಎಂದವು.

ಅದೇ ಡಿಸೆಂಬರಿನ ಕೊನೆಗೆ ಉಡುಪಿಯ ಸರಕಾರಿ ಹೆಣ್ಮಕ್ಕಳ ಪದವಿಪೂರ್ವ ಕಾಲೇಜಿನಲ್ಲಿ ತಲೆವಸ್ತ್ರ ಧರಿಸಿದ ವಿದ್ಯಾರ್ಥಿನಿಯರನ್ನು ತರಗತಿಯಿಂದ ಹೊರಗಿಟ್ಟ ವಿಷಯ ಸುದ್ದಿಯಾಯಿತು. ಕೇಸರಿ ಶಾಲುಗಳು ಬಂದವು. 2022ರ ಫೆಬ್ರವರಿ 5ರಂದು ಬಿಜೆಪಿ ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಉಡುಪಿಯಲ್ಲಿ "ಏನು ಉಡಬೇಕೆಂಬುದು ಹುಡುಗಿಯ ಆಯ್ಕೆ" ಎಂದವರಲ್ಲಿ ಹಲವರು ಬಾಲುಶ್ಶೇರಿಯಲ್ಲಿ ಪ್ಯಾಂಟ್ ಇಷ್ಟಪಟ್ಟ ಹುಡುಗಿಯ ಆಯ್ಕೆಯನ್ನು ಕೇಳಿಸಿಕೊಳ್ಳಲಿಲ್ಲ. ಉಡುಪಿಯ ನಿಷೇಧವನ್ನು ಖಂಡಿಸಿದ ಎಡರಂಗದ ಸರಕಾರವೇ 2022ರ ಜನವರಿಯಲ್ಲಿ ತನ್ನ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯ ಸಮವಸ್ತ್ರದಲ್ಲಿ ತಲೆವಸ್ತ್ರಕ್ಕೆ ಅವಕಾಶ ಇಲ್ಲ ಎಂದಿತ್ತು. ಅದಕ್ಕೆ ಕೊಟ್ಟ ಕಾರಣ ಜಾತ್ಯತೀತತೆ. ಕರ್ನಾಟಕದ ಆದೇಶದ ಮಾತೂ ಸಮಾನತೆ, ಶಿಸ್ತು ಎಂದೇ ಇತ್ತು. ಶಬ್ದಗಳು ಗಡಿ ದಾಟುತ್ತವೆ. ಯಾರು ಎಲ್ಲಿ ಅಧಿಕಾರದಲ್ಲಿದ್ದಾರೆ ಎಂಬುದನ್ನು ನೋಡಿ ಅವುಗಳ ಅರ್ಥ ತಿರುಗುತ್ತದೆ.

ಹುಡುಗಿಯರು ಮಾತಾಡಲಿಲ್ಲ ಎನ್ನುವುದು ಸರಿಯಲ್ಲ. ಉಡುಪಿಯ ಹುಡುಗಿಯರು ತಾವೇ ಕೋರ್ಟಿಗೆ ಹೋದರು. ಬಾಲುಶ್ಶೇರಿಯ ಹುಡುಗಿಯರು ಹೊಸ ಉಡುಪಿನಲ್ಲಿ ಓಡಾಡಲು ಸುಲಭ ಎಂದು ಟಿವಿಗಳಲ್ಲಿ ಹೇಳಿದರು. ಆದರೆ ಪ್ರತಿ ಪಕ್ಷವೂ ತನಗೆ ಹಿತವಾದ ಹುಡುಗಿಯ ಮಾತನ್ನು ಮಾತ್ರ ಎತ್ತಿ ತೋರಿಸಿತು.

ಮುಸ್ಲಿಮರೊಳಗೂ ಒಂದೇ ಅಭಿಪ್ರಾಯ ಇರಲಿಲ್ಲ. 2019ರಲ್ಲಿ ಕೇರಳದ ಮುಸ್ಲಿಂ ಎಜುಕೇಶನಲ್ ಸೊಸೈಟಿ ತನ್ನ ಕಾಲೇಜುಗಳಲ್ಲಿ ಮುಖ ಮುಚ್ಚುವ ಉಡುಪು ಬೇಡ ಎಂದಾಗ ಅದನ್ನು ವಿರೋಧಿಸಿದ್ದು ಸಮಸ್ತದ ಉಲಮಾಗಳು. ಉಡುಪಿನ ಬಗ್ಗೆ ನಮ್ಮೊಳಗೆ ಮೊದಲಿಂದಲೂ ಎರಡು ಮೂರು ಮಾತು ಇದೆ. ಹೊರಗಿನ ಜಗಳ ಜೋರಾದಾಗ ಒಳಗಿನ ಆ ಮಾತು ಮುಚ್ಚಿಹೋಗುತ್ತದೆ.

ಎಲ್ಲರೂ ಒಂದಾದ ವಿಷಯ

ಉಡುಪಿನಲ್ಲಿ ಇಷ್ಟು ಜಗಳ ಮಾಡಿದ ಪಕ್ಷಗಳು ಒಂದು ವಿಷಯದಲ್ಲಿ ಒಂದಾಗಿದ್ದವು. ಕೇಂದ್ರ ಸರಕಾರ 2005ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಜೊತೆ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಆರಂಭಿಸಿತು. ಹೈಸ್ಕೂಲಿನ ಮತ್ತು ಪಿಯುಸಿ ಹಂತದ ಮಕ್ಕಳಿಗೆ ಶರೀರದ ಬದಲಾವಣೆ, ರೋಗ, ರಕ್ಷಣೆಯ ಬಗ್ಗೆ ತಿಳಿಸುವುದು ಇದರ ಉದ್ದೇಶ. 2007ರಲ್ಲಿ ರಾಜ್ಯಗಳು ಒಂದೊಂದಾಗಿ ಇದನ್ನು ತಿರಸ್ಕರಿಸಿದವು. ಬಿಜೆಪಿಯ ಗುಜರಾತ್, ಮಧ್ಯಪ್ರದೇಶ. ಕಾಂಗ್ರೆಸ್ ಮತ್ತು ಎನ್‌ಸಿಪಿಯ ಮಹಾರಾಷ್ಟ್ರ. ಜೆಡಿಎಸ್ ಮತ್ತು ಬಿಜೆಪಿ ಸೇರಿ ಆಳುತ್ತಿದ್ದ ಕರ್ನಾಟಕ. ಎಡರಂಗದ ಕೇರಳದ ಹೆಸರೂ ಆ ಪಟ್ಟಿಯಲ್ಲಿ ಬಂತು. ಪುಸ್ತಕದ ಚಿತ್ರಗಳು ಅಶ್ಲೀಲ, ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎಂಬುದು ಮುಖ್ಯ ಆಕ್ಷೇಪ. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಎಂದಿತು.

ಈ ನಿಷೇಧಗಳು ಬರುತ್ತಿದ್ದ ದಿನಗಳಲ್ಲೇ, ಅಂದರೆ 2007ರ ಏಪ್ರಿಲಿನಲ್ಲಿ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ವರದಿ ಹೊರತಂದಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಸಿದ್ಧಪಡಿಸಿದ ವರದಿ ಅದು. ಯಾವುದಾದರೊಂದು ರೂಪದ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದ ಮಕ್ಕಳು ಶೇ. 53.22. ಅವರಲ್ಲಿ ಗಂಡು ಮಕ್ಕಳು ಹೆಣ್ಣು ಮಕ್ಕಳಿಗಿಂತ ಕಡಿಮೆ ಇರಲಿಲ್ಲ. ಕಿರುಕುಳ ಕೊಟ್ಟವರಲ್ಲಿ ಬಹಳ ಮಂದಿ ಮಗುವಿಗೆ ಪರಿಚಯದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಹೇಳಲು ಶಬ್ದ ಬೇಕು. ಆ ಶಬ್ದ ಕಲಿಸುವ ಪುಸ್ತಕ ಬೇಡ ಎಂದು ಅದೇ ದಿನಗಳಲ್ಲಿ ತೀರ್ಮಾನ ಆಗುತ್ತಿತ್ತು.

2012ರಲ್ಲಿ ಪೋಕ್ಸೋ ಕಾನೂನು ಬಂತು. ಅದು 18 ವರ್ಷದ ಒಳಗಿನ ಎಲ್ಲ ಮಕ್ಕಳಿಗೆ ಅನ್ವಯಿಸುತ್ತದೆ. ಅಪರಾಧ ನಡೆದ ವಿಷಯ ಗೊತ್ತಿದ್ದೂ ತಿಳಿಸದೆ ಇರುವುದು ಕೂಡ ಅಪರಾಧ. ಕಾನೂನು ಬಂತಾದರೂ ಅದನ್ನು ಮಕ್ಕಳಿಗೆ ತಿಳಿಸುವ ಪಾಠ ಅದರ ಹಿಂದೆಯೇ ಬರಲಿಲ್ಲ.

2022ರ ಆಗಸ್ಟ್

ಮತ್ತೆ ಉಡುಪಿನ ಜಗಳ. ಕೇರಳದ ಹೊಸ ಪಠ್ಯಕ್ರಮದ ಚರ್ಚಾ ಟಿಪ್ಪಣಿಯಲ್ಲಿ ಗಂಡು ಹೆಣ್ಣು ಮಕ್ಕಳು ಒಟ್ಟಿಗೆ ಕೂರುವ ಮಾತಿತ್ತು. ಮುಸ್ಲಿಂ ಲೀಗ್ ಮತ್ತು ಸಮಸ್ತ ವಿರೋಧಿಸಿದವು. ಲೀಗಿನ ಶಾಸಕ ಎಂ.ಕೆ. ಮುನೀರ್, ಸಮಾನತೆ ಎಂದರೆ ಯಾವಾಗಲೂ ಹೆಣ್ಣು ಮಕ್ಕಳೇ ಗಂಡಿನ ಉಡುಪು ಹಾಕಬೇಕೇ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ತಿರುಳಿತ್ತು. ಆದರೆ ಅದರ ಜೊತೆಗೇ ಮುಖ್ಯಮಂತ್ರಿ ಸೀರೆ ಉಡಲಿ ಎಂಬಂಥ ಮಾತೂ ಬಂದು ಚರ್ಚೆ ನಗೆಪಾಟಲಾಯಿತು. ಟಿಪ್ಪಣಿಯ ಭಾಷೆ ತಿದ್ದಲಾಯಿತು. ಯಾವ ಸಮವಸ್ತ್ರವನ್ನೂ ಸರಕಾರ ಹೇರುವುದಿಲ್ಲ ಎಂದು ಪಿಣರಾಯಿ ವಿಜಯನ್ ಅದೇ ತಿಂಗಳು ವಿಧಾನಸಭೆಯಲ್ಲಿ ಹೇಳಿದರು. ಒಂದು ಪಕ್ಷ ಗೆದ್ದೆ ಎಂದಿತು, ಇನ್ನೊಂದು ಸೋತಿಲ್ಲ ಎಂದಿತು.

ಅದೇ ಆಗಸ್ಟಿನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಬೆಚ್ಚು ಕುರಿಯನ್ ಥಾಮಸ್, ಲೈಂಗಿಕ ಕಿರುಕುಳ ತಡೆಯುವ ಪಾಠವನ್ನು ಪಠ್ಯಕ್ರಮದಲ್ಲಿ ಕಡ್ಡಾಯವಾಗಿ ಸೇರಿಸಬೇಕು ಎಂದು ರಾಜ್ಯಕ್ಕೂ ಸಿಬಿಎಸ್‌ಇಗೂ ಆದೇಶಿಸಿದರು. ಪಾಠ ಮಗುವಿನ ವಯಸ್ಸಿಗೆ ತಕ್ಕಂತೆ ಇರಬೇಕು ಎಂದರು. ಪ್ಯಾಂಟಿನ ಬಗ್ಗೆ ತಿಂಗಳುಗಟ್ಟಲೆ ಮಾತಾಡಿದವರು ಈ ಆದೇಶದ ಬಗ್ಗೆ ಅಷ್ಟು ಮಾತಾಡಲಿಲ್ಲ. ಇದರಲ್ಲಿ ಯಾರಿಗೂ ಓಟು ಇರಲಿಲ್ಲ.

ನಮ್ಮಲ್ಲಿ ಇರುವುದು, ಇಲ್ಲದಿರುವುದು

ಶರೀರದ ಪಾಠ ನಮ್ಮ ಸಂಸ್ಕೃತಿಯಲ್ಲಿ ಇಲ್ಲ ಎನ್ನುವುದು ಬ್ಯಾರಿಗಳ ಮಟ್ಟಿಗೆ ನಿಜ ಅಲ್ಲ. ಮದ್ರಸದ ಫಿಕ್ಹ್ ಪಾಠದಲ್ಲಿ ಪ್ರಾಯಕ್ಕೆ ಬರುವ ಲಕ್ಷಣ, ಮುಟ್ಟು, ಶುದ್ಧಿಯ ಸ್ನಾನದ ವಿಧಿ ಎಲ್ಲವೂ ಇದೆ. ಶಾಲೆಯಲ್ಲಿ ಆ ಪಾಠ ಬಿಟ್ಟು ಮುಂದೆ ಹೋಗುವ ಮೇಷ್ಟ್ರುಗಳಿದ್ದ ಕಾಲದಲ್ಲೂ ಉಸ್ತಾದರು ಅದನ್ನು ನಾಚಿಕೆ ಇಲ್ಲದೆ, ಇಬಾದತ್ತಿನ ಭಾಗವಾಗಿ ಹೇಳಿಕೊಟ್ಟಿದ್ದಾರೆ. ಆ ಪಾಠ ಶುದ್ಧಿಯದ್ದು. ರಕ್ಷಣೆಯ ಪಾಠ ಅದರ ಪಕ್ಕದಲ್ಲಿ ಬರಬೇಕಾದದ್ದು: ಯಾರು ಮುಟ್ಟಿದರೆ ಬೇಡ ಎನ್ನಬೇಕು, ಯಾರಿಗೆ ಹೇಳಬೇಕು, ಮುಟ್ಟಿದವರು ಮನೆಯವರೇ ಆದರೆ ಏನು ಮಾಡಬೇಕು, 1098ಕ್ಕೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ. ಇದನ್ನು ಸೇರಿಸಲು ಯಾವ ಪಕ್ಷದ ಅನುಮತಿಯೂ ಬೇಡ.

ಉಡುಪಿನ ಹಕ್ಕಿಗಾಗಿ ಹೋರಾಡಿದ್ದು ತಪ್ಪಲ್ಲ. ಅದರ ಬಿಸಿಯಲ್ಲಿ ಕರಾವಳಿಯ ಎಷ್ಟೋ ಹೆಣ್ಮಕ್ಕಳು ಕಾಲೇಜು ಬದಲಿಸಬೇಕಾಯಿತು, ಕೆಲವರ ಓದೇ ನಿಂತಿತು. ಆ ನಷ್ಟ ದೊಡ್ಡದು. ಆದರೆ ಮಗಳ ತಲೆವಸ್ತ್ರಕ್ಕಾಗಿ ಬೀದಿಗೆ ಇಳಿಯುವ ನಾವು, ಅವಳಿಗೂ ಅವಳ ತಮ್ಮನಿಗೂ ತಮ್ಮ ಶರೀರದ ಬಗ್ಗೆ ಗೊತ್ತಿರಬೇಕಾದ ನಾಲ್ಕು ಮಾತಿಗಾಗಿ ಶಾಲೆಯ ಪಿಟಿಎ ಸಭೆಯಲ್ಲಿ ಎದ್ದು ನಿಲ್ಲುವುದಿಲ್ಲ. ಮುಂದಿನ ಸಭೆಯಲ್ಲಿ ಸಮವಸ್ತ್ರದ ಮಾತು ಮುಗಿದ ಮೇಲೆ, ಪೋಕ್ಸೋ ಪಾಠ ಯಾವಾಗ ಮಾಡುತ್ತೀರಿ ಎಂದು ಒಬ್ಬ ಉಮ್ಮ ಕೇಳಿದರೆ ಸಾಕು. ಮದ್ರಸ ಕಮಿಟಿಯಲ್ಲೂ ಅದೇ ಪ್ರಶ್ನೆ ಕೇಳಬಹುದು.