ನುಂಗಬೇಕೆ, ಬಿಡಬೇಕೆ: ಕೊಲೆಸ್ಟ್ರಾಲ್ ಮಾತ್ರೆಯ ಅರ್ಧ ಶತಮಾನ

2025ರ ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಹೃದಯದ ಬಗ್ಗೆ ಅಷ್ಟು ಭಯ. ಹೃದಯ ಕಾಯುವ ಮಾತ್ರೆಯ ಬಗ್ಗೆಯೂ ಅಷ್ಟೇ ಭಯ. ಕೊಲೆಸ್ಟ್ರಾಲ್ ಮಾತ್ರೆ ಕಂಪನಿಗಳ ಹುನ್ನಾರ, ಲಿವರ್ ಹಾಳಾಗುತ್ತದೆ, ಮರೆವು ಬರುತ್ತದೆ ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ದಿನವೂ ಓಡಾಡುತ್ತವೆ. ಸ್ಟೆಂಟ್ ಹಾಕಿಸಿಕೊಂಡವರು ಆರೇ ತಿಂಗಳಿಗೆ ಮಾತ್ರೆ ಬಿಟ್ಟು ಬೆಳ್ಳುಳ್ಳಿ ಕಷಾಯಕ್ಕೆ ಹೊರಳುವುದನ್ನು ಹೃದ್ರೋಗ ವಿಭಾಗದಲ್ಲಿ ಕೆಲಸ ಮಾಡಿದವರೆಲ್ಲ ಕಂಡಿದ್ದಾರೆ. ಇನ್ನೊಂದು ಕಡೆ, ಹೆಲ್ತ್ ಚೆಕಪ್ ವರದಿಯಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿ ಬಂತೆಂದು ಮೂವತ್ತರ ಆರೋಗ್ಯವಂತನೂ ಅದೇ ಮಾತ್ರೆ ನುಂಗುತ್ತಾನೆ. ಈ ಔಷಧದ ಲಾಭ ನಷ್ಟಗಳನ್ನು ತೂಗಿದ್ದು ಹೇಗೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ್ದು ಕಡಿಮೆ. ಎರಡೂ ತಪ್ಪುಗಳ ಬೇರು ಅಲ್ಲಿದೆ.

ಮೊದಲ ಹೆಜ್ಜೆಗಳನ್ನು ಬೇಗ ದಾಟಬಹುದು. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ, ರಕ್ತನಾಳದಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದರು. 1948ರಲ್ಲಿ ಆರಂಭವಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಮನುಷ್ಯರಲ್ಲೂ ಆ ನಂಟನ್ನು ಗುರುತಿಸಿತು. ಔಷಧಗಳು ಮಾತ್ರ ಕೈಕೊಟ್ಟವು. ಟ್ರೈಪ್ಯಾರನಾಲ್ ಕಣ್ಣಿಗೆ ಪೊರೆ ತಂದು 1962ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಕ್ಲೋಫೈಬ್ರೇಟ್ ಹೃದಯಾಘಾತವನ್ನು ತಗ್ಗಿಸಿದರೂ ಅದನ್ನು ನುಂಗಿದವರಲ್ಲಿ ಒಟ್ಟು ಸಾವು ಹೆಚ್ಚಿತು. ಅಂದಿನ ವೈದ್ಯರ ಅನುಮಾನಕ್ಕೆ ಗಟ್ಟಿ ಕಾರಣವಿತ್ತು.

ತಿರುವು ಬಂದದ್ದು ಜಪಾನಿನಿಂದ. ರೈತ ಕುಟುಂಬದಲ್ಲಿ ಹುಟ್ಟಿದ ಅಕಿರಾ ಎಂಡೊ ಟೋಕಿಯೊದ ಸ್ಯಾಂಕ್ಯೊ ಕಂಪನಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಬಗೆಯ ಬೂಷ್ಟುಗಳನ್ನು ಸೋಸಿ, 1973ರಲ್ಲಿ ಕಾಂಪ್ಯಾಕ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ಸಿಕ್ಕಿದ್ದು ಅಕ್ಕಿಯ ಮೇಲೆ ಬೆಳೆದ ಬೂಷ್ಟಿನಲ್ಲಿ. ಲಿವರ್ ಕೊಲೆಸ್ಟ್ರಾಲ್ ತಯಾರಿಸಲು ಬಳಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಆಗ ಲಿವರ್ ತನಗೆ ಬೇಕಾದ ಕೊಲೆಸ್ಟ್ರಾಲನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಳ್ಳುವ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. 2024ರಲ್ಲಿ ತೀರಿಕೊಂಡ ಎಂಡೊ ಅವರಿಗೆ ಬರಲೇ ಇಲ್ಲ. ನಾಯಿಗಳ ಮೇಲಿನ ಪರೀಕ್ಷೆಯಲ್ಲಿ ಗಡ್ಡೆಯ ಶಂಕೆ ಎದ್ದು ಕಾಂಪ್ಯಾಕ್ಟಿನ್ ನಿಂತುಹೋಯಿತು. ಸ್ಟ್ಯಾಟಿನ್ ಎಂದು ಕರೆಯುವ ಅದೇ ಜಾತಿಯ ಲೊವಾಸ್ಟ್ಯಾಟಿನ್‌ಗೆ 1987ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಅಂಕಿ ಇಳಿಯಿತು ಸರಿ, ಆಯುಷ್ಯ ಉಳಿಯಿತೇ? ಈ ಪ್ರಶ್ನೆಗೆ ಉತ್ತರ 1994ರಲ್ಲಿ ಸ್ಕ್ಯಾಂಡಿನೇವಿಯಾದಿಂದ ಬಂತು. ಆಗಲೇ ಹೃದ್ರೋಗವಿದ್ದ 4,444 ಜನರಲ್ಲಿ ಅರ್ಧದಷ್ಟು ಮಂದಿಗೆ ಸಿಮ್ವಾಸ್ಟ್ಯಾಟಿನ್, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ಸುಮಾರು ಐದು ವರ್ಷ ಐದು ತಿಂಗಳ ಕೊನೆಗೆ ಹುಸಿ ಮಾತ್ರೆಯವರಲ್ಲಿ 256 ಮಂದಿ, ಸಿಮ್ವಾಸ್ಟ್ಯಾಟಿನ್ ನುಂಗಿದವರಲ್ಲಿ 182 ಮಂದಿ ತೀರಿಕೊಂಡಿದ್ದರು. ಆ ತಲೆಮಾರಿನ ಹೃದ್ರೋಗ ತಜ್ಞರ ಚೀಟಿ ಬರೆಯುವ ಕೈಯನ್ನೇ ಬದಲಿಸಿದ ಲೆಕ್ಕ ಅದು. ಮುಂದೆ 2002ರಲ್ಲಿ ಬ್ರಿಟನ್ನಿನ 20,536 ಜನರ ಅಧ್ಯಯನ, ಆಮೇಲೆ ಆಕ್ಸ್‌ಫರ್ಡಿನ ತಂಡ ಲಕ್ಷಾಂತರ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆ, ಅದೇ ತೀರ್ಮಾನವನ್ನು ಗಟ್ಟಿ ಮಾಡಿದವು: ಕೆಟ್ಟ ಕೊಲೆಸ್ಟ್ರಾಲಾದ ಎಲ್‌ಡಿಎಲ್ ಡೆಸಿಲೀಟರಿಗೆ 39 ಮಿ.ಗ್ರಾಂ. ಇಳಿದರೆ ಹೃದಯಾಘಾತ, ಪಾರ್ಶ್ವವಾಯುಗಳಂಥ ಆಪತ್ತು ಐದರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ.

ಅಪಾಯಗಳನ್ನು ಈ ಕ್ಷೇತ್ರ ಮುಚ್ಚಿಡಲಿಲ್ಲ. ಮಾಂಸಖಂಡ ಒಡೆದು ಮೂತ್ರಪಿಂಡ ಕೆಡಿಸಿದ ಸೆರಿವಾಸ್ಟ್ಯಾಟಿನ್ 2001ರಲ್ಲಿ ಮಾರುಕಟ್ಟೆ ಬಿಟ್ಟಿತು. 2010ರಲ್ಲಿ 91,140 ಜನರ ಮಾಹಿತಿ ತೂಗಿದಾಗ ಸಕ್ಕರೆ ಕಾಯಿಲೆ ಶೇ 9ರಷ್ಟು ಹೆಚ್ಚುವುದು ಕಂಡಿತು. 255 ಜನ ನಾಲ್ಕು ವರ್ಷ ಮಾತ್ರೆ ನುಂಗಿದರೆ ಒಬ್ಬರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಎಂಬುದು ಅದರ ಅರ್ಥ.

ಅತಿ ಹೆಚ್ಚು ದೂರು ಮೈಕೈ ನೋವಿನದು. ಇದನ್ನು ಪರೀಕ್ಷಿಸಿದ ರೀತಿ ತಿಳಿಯತಕ್ಕದ್ದು. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಲಂಡನ್ನಿನ ವೈದ್ಯರು ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ತಲಾ ಹನ್ನೆರಡು ಬಾಟಲಿ ಕೊಟ್ಟರು. ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ಹುಸಿ ಮಾತ್ರೆ, ನಾಲ್ಕು ಖಾಲಿ; ತಿಂಗಳಿಗೊಂದು ಬಾಟಲಿ. ದಿನದಿನದ ತೊಂದರೆಗೆ ರೋಗಿಗಳೇ ನೂರಕ್ಕೆ ಅಂಕ ಹಾಕಿದರು. ಖಾಲಿ ಬಾಟಲಿಯ ತಿಂಗಳಲ್ಲಿ ಸರಾಸರಿ 8, ಹುಸಿ ಮಾತ್ರೆಯಲ್ಲಿ 15.4, ಸ್ಟ್ಯಾಟಿನ್‌ನಲ್ಲಿ 16.3. ನೋವು ನಿಜವಾಗಿಯೂ ಆಗಿತ್ತು. ಆದರೆ ಅದರ ಬಹುಪಾಲು ಮಾತ್ರೆ ನುಂಗುತ್ತಿದ್ದೇನೆಂಬ ಆತಂಕದಿಂದ ಹುಟ್ಟಿತ್ತು, ಮಾತ್ರೆಯೊಳಗಿನ ಔಷಧದಿಂದಲ್ಲ. ಫಲಿತಾಂಶ ತೋರಿಸಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಮತ್ತೆ ಮಾತ್ರೆ ಶುರು ಮಾಡಿದರು.

ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದ್ದು 2016ರ ಆಕ್ಸ್‌ಫರ್ಡ್ ಸಮೀಕ್ಷೆ. ಎಲ್‌ಡಿಎಲ್ 77 ಮಿ.ಗ್ರಾಂನಷ್ಟು ಇಳಿಯುವಂತೆ 10,000 ಜನ ಐದು ವರ್ಷ ಮಾತ್ರೆ ನುಂಗಿದರೆ, ಹೃದ್ರೋಗ ಆಗಲೇ ಇರುವವರಲ್ಲಿ ಸುಮಾರು 1,000 ಮಂದಿಗೆ, ಇನ್ನೂ ಬಾರದ ಆದರೆ ಅಪಾಯ ಹೆಚ್ಚಿರುವವರಲ್ಲಿ ಸುಮಾರು 500 ಮಂದಿಗೆ ದೊಡ್ಡ ಆಪತ್ತು ತಪ್ಪುತ್ತದೆ. ಎದುರು ತಟ್ಟೆಯಲ್ಲಿ ಗಂಭೀರ ಸ್ನಾಯು ತೊಂದರೆ 5, ಹೊಸ ಸಕ್ಕರೆ ಕಾಯಿಲೆ 50ರಿಂದ 100, ಮಿದುಳಿನ ರಕ್ತಸ್ರಾವ 5ರಿಂದ 10. ಅಪಾಯವೇ ಕಡಿಮೆ ಇರುವ ಮೂವತ್ತರ ಯುವಕನಲ್ಲಿ ಮೊದಲ ತಟ್ಟೆ ಬಹಳ ಹಗುರಾಗುತ್ತದೆ. ಆದ್ದರಿಂದ ತೂಗಬೇಕಾದದ್ದು ಮನುಷ್ಯನ ಒಟ್ಟು ಅಪಾಯವನ್ನು: ವಯಸ್ಸು, ಬೀಡಿ ಸಿಗರೇಟು, ಬಿ.ಪಿ., ಸಕ್ಕರೆ, ಮನೆತನದ ಚರಿತ್ರೆ. ಲ್ಯಾಬ್ ವರದಿಯ ಒಂದು ಅಂಕಿ ಸಾಲದು.

ಬೆಂಗಳೂರಿನ ಪಾಲನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸ್ಟ್ಯಾಟಿನ್, ಬಿ.ಪಿ. ಔಷಧ, ಆಸ್ಪಿರಿನ್‌ಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ ಪಾಲಿಕ್ಯಾಪ್ ಪರೀಕ್ಷೆಯನ್ನು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್, ಡೆನಿಸ್ ಝೇವಿಯರ್ ಮತ್ತವರ ಸಂಗಡಿಗರು ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದರು. ಅದರ ಮುಂದುವರಿಕೆಯಾಗಿ 2020ರಲ್ಲಿ ಬಂದ 5,713 ಜನರ ಪ್ರಯೋಗದಲ್ಲಿ ಅರ್ಧದ ಹತ್ತಿರ ಭಾರತೀಯರು. ಸಂಯುಕ್ತ ಗುಳಿಗೆಯ ಜೊತೆ ಆಸ್ಪಿರಿನ್ ಪಡೆದವರಲ್ಲಿ ಆಪತ್ತು ಶೇ 31ರಷ್ಟು ಕಡಿಮೆಯಾಗಿತ್ತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಗುಳಿಗೆಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇಲ್ಲಿನ ಜನರಿಗೆ ಇಲ್ಲಿಯೇ ಉತ್ತರ ಹುಡುಕಿದ ಈ ಕೆಲಸಕ್ಕೆ ನಮ್ಮ ಪತ್ರಿಕೆಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಕೊರತೆಗಳು ಉಳಿದಿವೆ. 2019ರ ದೊಡ್ಡ ವಿಶ್ಲೇಷಣೆಯಲ್ಲಿ 75 ದಾಟಿದವರು ಶೇ 8 ಮಾತ್ರ. ಹೃದ್ರೋಗವಿಲ್ಲದ ವೃದ್ಧರಿಗೆ ಮಾತ್ರೆ ಬೇಕೆ ಎಂಬುದಕ್ಕೆ ಪುರಾವೆ ತೆಳು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದು 2004ರಲ್ಲೇ ಗೊತ್ತಾಗಿದ್ದರೂ ದೊಡ್ಡ ಸ್ಟ್ಯಾಟಿನ್ ಪ್ರಯೋಗಗಳಲ್ಲಿ ಹೆಚ್ಚಿನವು ಪಾಶ್ಚಾತ್ಯರ ಮೇಲೆ ನಡೆದವು. ಎಲ್ಲಕ್ಕಿಂತ ದೊಡ್ಡ ಕೊರತೆ ತಲುಪಿಸುವುದರಲ್ಲಿದೆ. 2011ರಲ್ಲಿ ಪ್ರಕಟವಾದ 17 ದೇಶಗಳ ಅಧ್ಯಯನದಲ್ಲಿ, ಭಾರತವೂ ಸೇರಿದ್ದ ಬಡ ದೇಶಗಳ ಗುಂಪಿನಲ್ಲಿ ಹೃದ್ರೋಗ ಅಥವಾ ಪಾರ್ಶ್ವವಾಯು ಆದವರ ಪೈಕಿ ಸ್ಟ್ಯಾಟಿನ್ ನುಂಗುತ್ತಿದ್ದವರು ಶೇ 3.3.

ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಹೃದಯಾಘಾತವಾದ ಗಳಿಗೆಯ ದುಬಾರಿ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗೆ ಉಚಿತವಾಗಿ ತಂದಿದೆ. ಬದುಕಿ ಮನೆಗೆ ಹೋದವರಿಗೆ ಬಿ.ಪಿ., ಸಕ್ಕರೆ ಮಾತ್ರೆಗಳ ಜೊತೆ ಅಗ್ಗದ ಸ್ಟ್ಯಾಟಿನ್ ಮಾತ್ರೆಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಿಂಗಳು ತಪ್ಪದೆ ಸಿಗಬೇಕು. ಅವರು ನುಂಗುತ್ತಿದ್ದಾರೆಯೇ ಎಂಬ ಲೆಕ್ಕ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇರಬೇಕು. ಒಮ್ಮೆ ಹೃದಯಾಘಾತವಾದವರು, ಸ್ಟೆಂಟ್ ಇರುವವರು ಯಾರದೋ ಸಂದೇಶ ನೋಡಿ ಮಾತ್ರೆ ನಿಲ್ಲಿಸಬೇಡಿ. ನೋವು ಕಾಡಿದರೆ ವೈದ್ಯರಿಗೆ ತಿಳಿಸಿ. ಪ್ರಮಾಣ ತಗ್ಗಿಸಲು, ಬೇರೆ ಸ್ಟ್ಯಾಟಿನ್‌ಗೆ ಅಥವಾ ಎಜೆಟಿಮೈಬ್‌ನಂಥ ಬೇರೆ ಔಷಧಕ್ಕೆ ಹೋಗಲು ದಾರಿಯಿದೆ.