ರೆಡ್‌ಮೈನ್ ತಂತ್ರಾಂಶದಲ್ಲಿ ವೆಬ್ ಎಪಿಐ ಮೂಲಕ ಪ್ರಕರಣಗಳ ನಿರ್ವಹಣೆ

1. ಪೀಠಿಕೆ

ಯೋಜನೆಯೊಂದಕ್ಕೆ ಸಂಬಂಧಿಸಿದ ಕೆಲಸಗಳು, ದೋಷಗಳು, ಬೇಡಿಕೆಗಳು ಹಾಗೂ ದೂರುಗಳನ್ನು ಕ್ರಮಸಂಖ್ಯೆಯೊಡನೆ ದಾಖಲಿಸಿ, ಅವು ಇತ್ಯರ್ಥವಾಗುವವರೆಗೆ ಗಮನಿಸಲು ಬಳಸುವ ತಂತ್ರಾಂಶಗಳ ಪೈಕಿ ರೆಡ್‌ಮೈನ್ ಒಂದಾಗಿರುತ್ತದೆ. ಇದು 2006ರಲ್ಲಿ ಮೊದಲಿಗೆ ಬಿಡುಗಡೆಯಾದ ಮುಕ್ತ ತಂತ್ರಾಂಶವಾಗಿದ್ದು, ಇದರ ಬಳಕೆಗೆ ಪರವಾನಗಿ ಶುಲ್ಕ ಇರುವುದಿಲ್ಲ. ಇದರಲ್ಲಿನ ಪ್ರತಿಯೊಂದು ನಮೂದನ್ನು ‘ಇಶ್ಯೂ’ ಎಂದು ಕರೆಯಲಾಗುತ್ತಿದ್ದು, ಈ ಪುಟದಲ್ಲಿ ಅದನ್ನು ‘ಪ್ರಕರಣ’ ಎಂದು ಸೂಚಿಸಲಾಗಿದೆ.

ಪ್ರಕರಣಗಳನ್ನು ಪರದೆಯ ಮೇಲೆ ಒಂದೊಂದಾಗಿ ನಮೂದಿಸಬಹುದು. ಆದರೆ ಪ್ರಕರಣಗಳು ನೂರಾರು ಇದ್ದಲ್ಲಿ, ಅಥವಾ ಮತ್ತೊಂದು ಗಣಕ ವ್ಯವಸ್ಥೆಯಿಂದ ಮಾಹಿತಿ ಬರಬೇಕಾದಲ್ಲಿ, ವೆಬ್ ಎಪಿಐ ಅನ್ನು ಬಳಸಲಾಗುತ್ತದೆ. ಎಪಿಐ ಎಂದರೆ ಒಂದು ತಂತ್ರಾಂಶವು ಮತ್ತೊಂದು ತಂತ್ರಾಂಶಕ್ಕೆ ನಿಗದಿತ ನಮೂನೆಯಲ್ಲಿ ಕೋರಿಕೆ ಸಲ್ಲಿಸಿ ಉತ್ತರ ಪಡೆಯುವ ಏರ್ಪಾಡು. ಮಾಹಿತಿಯನ್ನು ಜೇಸನ್ ಅಥವಾ ಎಕ್ಸ್‌ಎಂಎಲ್ ನಮೂನೆಯಲ್ಲಿ ಕಳುಹಿಸಬಹುದು.

2. ಪೂರ್ವಭಾವಿ ಕ್ರಮಗಳು

ಅ) ತಂತ್ರಾಂಶದ ಆಡಳಿತಗಾರರು ‘ಸೆಟ್ಟಿಂಗ್ಸ್’ ವಿಭಾಗದಲ್ಲಿ ವೆಬ್ ಸೇವೆಯನ್ನು ಸಕ್ರಿಯಗೊಳಿಸಿರತಕ್ಕದ್ದು.
ಆ) ಬಳಕೆದಾರರು ತಮ್ಮ ಖಾತೆಯ ಪುಟದಿಂದ 40 ಅಕ್ಷರಗಳ ಎಪಿಐ ಕೀಲಿಯನ್ನು ಪಡೆದು, ಪ್ರತಿ ಕೋರಿಕೆಯ ಶಿರೋಭಾಗದಲ್ಲಿ ನಮೂದಿಸತಕ್ಕದ್ದು.
ಇ) ಕೀಲಿಯು ಗುಪ್ತಪದಕ್ಕೆ ಸಮಾನವಾದುದು. ಅದನ್ನು ಹೊಂದಿದವರು ಸದರಿ ಬಳಕೆದಾರರ ಹೆಸರಿನಲ್ಲಿಯೇ ವ್ಯವಹರಿಸಬಹುದಾದ್ದರಿಂದ ಇತರರಿಗೆ ನೀಡಬಾರದು. ಬಹಿರಂಗವಾದಲ್ಲಿ ಕೂಡಲೇ ಹಳೆಯದನ್ನು ರದ್ದುಪಡಿಸಿ ಹೊಸ ಕೀಲಿಯನ್ನು ಪಡೆಯತಕ್ಕದ್ದು.

3. ಕೋರಿಕೆಯ ವಿಧಗಳು

ಗೆಟ್: ಪ್ರಕರಣಗಳ ಪಟ್ಟಿ ಅಥವಾ ಒಂದು ಪ್ರಕರಣದ ವಿವರ ಪಡೆಯಲು.
ಪೋಸ್ಟ್: ಹೊಸ ಪ್ರಕರಣ ದಾಖಲಿಸಲು.
ಪುಟ್: ಇರುವ ಪ್ರಕರಣವನ್ನು ಪರಿಷ್ಕರಿಸಲು ಅಥವಾ ಟಿಪ್ಪಣಿ ಸೇರಿಸಲು.
ಡಿಲೀಟ್: ಪ್ರಕರಣವನ್ನು ಅಳಿಸಲು.

4. ಪಟ್ಟಿ ಪಡೆಯುವಾಗ ಗಮನಿಸಬೇಕಾದ ಅಂಶಗಳು

ಷರತ್ತುಗಳನ್ನು ನಮೂದಿಸದೆ ಪಟ್ಟಿ ಕೋರಿದಲ್ಲಿ ಮುಕ್ತಾಯಗೊಳ್ಳದ ಪ್ರಕರಣಗಳು ಮಾತ್ರ, ಅದರಲ್ಲಿಯೂ ಮೊದಲ 25 ಮಾತ್ರ ದೊರೆಯುತ್ತವೆ. ಮುಕ್ತಾಯಗೊಂಡವುಗಳೂ ಬೇಕಾದಲ್ಲಿ ಸ್ಥಿತಿಯ ಸ್ಥಾನದಲ್ಲಿ ನಕ್ಷತ್ರ ಚಿಹ್ನೆಯನ್ನು ನಮೂದಿಸತಕ್ಕದ್ದು. ಒಂದು ಕೋರಿಕೆಗೆ ಗರಿಷ್ಠ 100 ಪ್ರಕರಣಗಳನ್ನು ಮಾತ್ರ ಪಡೆಯಬಹುದು.

ಉದಾಹರಣೆಗೆ, ಯೋಜನೆಯೊಂದರಲ್ಲಿ ಒಟ್ಟು 240 ಪ್ರಕರಣಗಳಿದ್ದಲ್ಲಿ, ಮಿತಿಯನ್ನು 100 ಎಂದು ನಿಗದಿಪಡಿಸಿ, ಆರಂಭ ಸ್ಥಾನವನ್ನು ಅನುಕ್ರಮವಾಗಿ 0, 100 ಹಾಗೂ 200 ಎಂದು ನಮೂದಿಸಿ ಮೂರು ಬಾರಿ ಕೋರಿಕೆ ಸಲ್ಲಿಸಬೇಕಾಗುತ್ತದೆ. ಪ್ರತಿ ಉತ್ತರದಲ್ಲಿಯೂ ಒಟ್ಟು ಸಂಖ್ಯೆಯನ್ನು ನೀಡಲಾಗಿರುತ್ತದೆ. ಅದನ್ನು ಕೈಸೇರಿದ ಪ್ರಕರಣಗಳ ಸಂಖ್ಯೆಯೊಡನೆ ತಾಳೆ ನೋಡತಕ್ಕದ್ದು. ತಾಳೆ ನೋಡದೆ ವರದಿ ಸಿದ್ಧಪಡಿಸಿದಲ್ಲಿ, ದೂರು ದಾಖಲಾಗಿದ್ದರೂ ದಾಖಲಾಗಿಲ್ಲವೆಂದು ದೂರುದಾರರಿಗೆ ತಪ್ಪು ಉತ್ತರ ಹೋಗುವ ಸಂಭವವಿದೆ.

5. ಹೊಸ ಪ್ರಕರಣ ದಾಖಲಿಸುವುದು

ಯೋಜನೆಯ ಗುರುತು ಹಾಗೂ ಪ್ರಕರಣದ ಶೀರ್ಷಿಕೆಯನ್ನು ತಪ್ಪದೇ ನೀಡಬೇಕು. ಪ್ರಕರಣದ ಬಗೆ, ಆದ್ಯತೆ, ವಿವರಣೆ ಹಾಗೂ ನಿಯೋಜಿತ ವ್ಯಕ್ತಿಯ ಗುರುತನ್ನೂ ಸೇರಿಸಬಹುದು. ದಾಖಲಾದಲ್ಲಿ 201 ಸಂಕೇತದೊಡನೆ ಕ್ರಮಸಂಖ್ಯೆ ದೊರೆಯುತ್ತದೆ. ಸಂಪರ್ಕ ಕಡಿತಗೊಂಡು ಉತ್ತರ ಬಾರದಿದ್ದಲ್ಲಿ ಕೋರಿಕೆಯನ್ನು ಕೂಡಲೇ ಮರುಸಲ್ಲಿಸಬಾರದು. ಮೊದಲ ಕೋರಿಕೆ ದಾಖಲಾಗಿದ್ದಲ್ಲಿ ಒಂದೇ ವಿಷಯಕ್ಕೆ ಎರಡು ಪ್ರಕರಣಗಳು ಸೃಷ್ಟಿಯಾಗುತ್ತವೆ. ಆದ್ದರಿಂದ ಮೊದಲು ಪಟ್ಟಿಯನ್ನು ಪರಿಶೀಲಿಸತಕ್ಕದ್ದು.

6. ಪರಿಷ್ಕರಣೆ ಮತ್ತು ಅಳಿಸುವಿಕೆ

ಪ್ರಕರಣದ ಸ್ಥಿತಿಯನ್ನು ಬದಲಾಯಿಸುವ ಅಧಿಕಾರವು ಬಳಕೆದಾರರಿಗೆ ವಹಿಸಿದ ಪಾತ್ರವನ್ನು ಅವಲಂಬಿಸಿರುತ್ತದೆ. ಅಧಿಕಾರವಿಲ್ಲದ ಸ್ಥಿತಿಗೆ ಬದಲಾಯಿಸಲು ಕೋರಿದಲ್ಲಿ, ಯಶಸ್ಸಿನ ಸಂಕೇತ ಬಂದರೂ ಸ್ಥಿತಿಯು ಬದಲಾಗದೆ ಉಳಿಯಬಹುದು. ಆದ್ದರಿಂದ ಪರಿಷ್ಕರಣೆಯ ನಂತರ ಸದರಿ ಪ್ರಕರಣವನ್ನು ಮತ್ತೊಮ್ಮೆ ಪಡೆದು ದೃಢಪಡಿಸಿಕೊಳ್ಳತಕ್ಕದ್ದು.

ಮುಕ್ತಾಯಗೊಳಿಸುವುದು ಹಾಗೂ ಅಳಿಸುವುದು ಒಂದೇ ಅಲ್ಲ. ಮುಕ್ತಾಯಗೊಳಿಸಿದ ಪ್ರಕರಣವು ತನ್ನ ಟಿಪ್ಪಣಿಗಳೊಡನೆ ದಾಖಲೆಯಲ್ಲಿ ಉಳಿಯುತ್ತದೆ. ಅಳಿಸಿದ ಪ್ರಕರಣವು ಟಿಪ್ಪಣಿಗಳ ಸಹಿತ ಶಾಶ್ವತವಾಗಿ ಹೋಗುತ್ತದೆ. ಅದನ್ನು ಮರಳಿ ಪಡೆಯುವ ಸೌಲಭ್ಯವು ತಂತ್ರಾಂಶದಲ್ಲಿ ಇಲ್ಲ. ಇತ್ಯರ್ಥವಾದವುಗಳನ್ನು ಅಳಿಸದೆ ಮುಕ್ತಾಯಗೊಳಿಸುವುದು ಸೂಕ್ತ.

7. ಉತ್ತರ ಸಂಕೇತಗಳು

401: ಕೀಲಿ ಇಲ್ಲ ಅಥವಾ ತಪ್ಪಾಗಿದೆ.
403: ಬಳಕೆದಾರರಿಗೆ ಅನುಮತಿ ಇಲ್ಲ.
404: ಕೋರಿದ ಪ್ರಕರಣ ಕಂಡುಬಂದಿಲ್ಲ.
422: ನೀಡಿದ ಮಾಹಿತಿ ಅಪೂರ್ಣ ಅಥವಾ ಅಮಾನ್ಯ, ದೋಷದ ವಿವರವನ್ನು ಉತ್ತರದಲ್ಲಿಯೇ ನೀಡಲಾಗಿರುತ್ತದೆ.

8. ವಿಶೇಷ ಸೂಚನೆ

ಹೊಸದಾಗಿ ಎಪಿಐ ಬಳಸುವವರು ಮೊದಲು ಪರೀಕ್ಷಾರ್ಥ ಯೋಜನೆಯೊಂದರಲ್ಲಿ ಮೇಲ್ಕಂಡ ಕ್ರಮಗಳನ್ನು ಅಭ್ಯಾಸ ಮಾಡಿ, ತದನಂತರವೇ ನೈಜ ದಾಖಲೆಗಳ ಮೇಲೆ ಬಳಸುವುದು. ಪ್ರಕರಣದ ಕ್ರಮಸಂಖ್ಯೆಯೇ ದೂರುದಾರರ ಕೈಯಲ್ಲಿರುವ ಆಧಾರವಾದ್ದರಿಂದ, ಅದನ್ನು ಅವರಿಗೆ ತಿಳಿಸುವ ಮುನ್ನ ದಾಖಲಾತಿಯನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.